ತಾಯಿಯವರು ಕೊಡದ ತೀರ್ಥ

"ಮತ್ತ ಬಂದು ಕೈ ಹಿಡದ್ಲು ನೋಡ್ರಿ ಆ ನರ್ಸು! ಮೊಮ್ಮಗಳಿಗೆ ಒಂದು ಬೊಟ್ಟು ಜೇನುತುಪ್ಪ ನೆಕ್ಕಸಾಕೂ ಬಿಡವಲ್ಲಳು," ಎಂದು ಬೈಯುತ್ತಲೇ ಶಂಕ್ರವ್ವ ತಗಡಿನ ಚಪ್ಪರದೊಳಗೆ ಬಂದಳು.

ದೊಡ್ಡಾಸ್ಪತ್ರೆಯ ಗೇಟಿನೆದುರಿನ ಆ ಚಪ್ಪರವೇ ಪೂಜ್ಯ ಮಹಾಂತಮ್ಮ ತಾಯಿಯವರ ಮಠ. ರೋಗಿಗಳ ಕಡೆಯವರಿಗೆ ಜೋಳದ ನುಚ್ಚು ಬೇಯಿಸಿ ಬಡಿಸುವುದೇ ಅವರ ಪೂಜೆ. ಆಗಲೂ ಒಲೆಯ ಮುಂದೆ ಕುಳಿತು ನುಚ್ಚು ತಿರುವುತ್ತಿದ್ದರು.

ಹಿಂದಿನ ದಿನ ಹುಟ್ಟಿದ ಆ ಕೂಸಿನ ಬಾಯಿಂದ ನೊರೆ ಬರುವುದು ನಿಲ್ಲುತ್ತಿರಲಿಲ್ಲ. ಹಾಲು ಕುಡಿಸಿದರೆ ಕೆಮ್ಮಿ ನೀಲಿಗಟ್ಟಿತ್ತು. ಅನ್ನನಾಳ ನಡುವೆಯೇ ಮುಚ್ಚಿದೆ, ಅದರ ಕೆಳಗಿನ ತುಂಡು ಉಸಿರಿನ ಕೊಳವೆಗೆ ಅಂಟಿದೆ, ಎದೆ ಕೊಯ್ದು ಬಿಡಿಸಿ ಜೋಡಿಸಬೇಕು, ತಡ ಮಾಡಿದರೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು.

"ಗ್ರಹಣದಾಗ ಹೊರಗ ಹೋಗಬ್ಯಾಡ ಅಂದ್ರ ನನ್ನ ಸೊಸಿ ಕೇಳಲಿಲ್ಲ. ಗಂಟಲಿಲ್ಲದ ಕೂಸು ಹಡದು ಕುಂತಾಳ," ಎಂದಳು ಶಂಕ್ರವ್ವ. "ಅಂಗೈಯಷ್ಟು ಎದಿ, ಅದನ್ನೇನು ಕೊಯ್ತಾರ್ರೀ? ಒಲ್ಲೆ ಅಂದು ಬಂದೀನಿ. ನಿಮ್ಮ ತೀರ್ಥ ಕೊಡ್ರಿ, ಗಂಟಲ ತಾನ ತೆರೀತೈತಿ."

ಬೇಡಿ ಬಂದವರಿಗೆ ತಾಯಿಯವರು ತೀರ್ಥವಿಲ್ಲ ಎಂದವರೇ ಅಲ್ಲ. ಅಂದು ಮಾತ್ರ ಪಕ್ಕದಲ್ಲಿದ್ದ ತೀರ್ಥದ ಬಟ್ಟಲಿನ ಮೇಲೆ ಅಂಗೈ ಮುಚ್ಚಿದರು.

"ಕೊಟ್ಟರ ಅದು ಉಸಿರಿಗೆ ಹೋಗತೈತಿ, ಶಂಕ್ರವ್ವ. ಇವತ್ತ ಆ ಕೂಸಿನ ಬಾಯಿಗೆ ಏನೂ ಹಾಕದಿರೋದ ತೀರ್ಥ. ಡಾಕ್ಟರ ಕೈಯಾಗ ಕೊಡು."

"ತೀರ್ಥಕ್ಕೂ ಬರ ಬಂತೇನ್ರೀ ಇಲ್ಲಿ?"

ತಾಯಿಯವರು ಒಲೆಯ ಉರಿ ತಗ್ಗಿಸಿ ಎದ್ದು, ಅವಳ ಕೈ ಹಿಡಿದು ಆಸ್ಪತ್ರೆಯೊಳಗೆ ನಡೆದರು. ಕೊನೆಗೆ ಶಂಕ್ರವ್ವ ಆಗಲಿ ಎಂದು ಡಾಕ್ಟರಿಗೆ ತಲೆಯಾಡಿಸಿದಳು. ಆಪರೇಷನ್ ಮುಗಿಯುವವರೆಗೂ ತಾಯಿಯವರು ಆ ಬಾಗಿಲ ಬಳಿ ನೆಲದ ಮೇಲೆಯೇ ಕುಳಿತಿದ್ದರು.

ಕೂಸು ಉಳಿಯಿತು. ಹೊಲಿಗೆ ಮಾಯುವ ತನಕ ಅದಕ್ಕೆ ನಳಿಗೆಯಲ್ಲೇ ಆಹಾರ. ಆ ದಿನಗಳಲ್ಲೆಲ್ಲ ಶಂಕ್ರವ್ವ ಚಪ್ಪರಕ್ಕೆ ಬಂದು ಹೊಟ್ಟೆ ತುಂಬ ಉಂಡು, ಸೊಸೆಯನ್ನು ಬಾಯಿ ತುಂಬ ಬೈದು ಹೋಗುತ್ತಿದ್ದಳು. ಕಡೆಗೊಂದು ದಿನ ಸಕ್ಕರೆ ಪೊಟ್ಟಣ ಹಿಡಿದು ಓಡಿಬಂದಳು.

"ನುಂಗಿತ್ರೀ ತಾಯಿ! ಅವರವ್ವನ ಹಾಲು ಚಮಚದಾಗ ಕೊಟ್ಟರ, ಗುಟುಕ್ ಅಂತ ನುಂಗಿತು."

ತಾಯಿಯವರು ಚಿಟಿಕೆ ಸಕ್ಕರೆ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ಆಮೇಲೆ ಎಂದಿನಂತೆ ಅವಳ ತಟ್ಟೆಗೆ ನುಚ್ಚು ಬಡಿಸಿ, ಮೆಲ್ಲಗೆ ಒಂದು ಮಾತು ಕೇಳಿದರು. ಶಂಕ್ರವ್ವನ ಕೈ ತಟ್ಟೆಯಲ್ಲೇ ನಿಂತಿತು. ತಟ್ಟೆಗೆ ಸೆರಗು ಮುಚ್ಚಿ, ವಾರ್ಡಿನ ಕಡೆ ನಡೆದಳು. ಮುಂದೆ ಅವಳು ಗ್ರಹಣದ ಸುದ್ದಿ ಎತ್ತಲಿಲ್ಲ. ಸೊಸೆಗೆ ಬಡಿಸದೆ ತುತ್ತು ಎತ್ತಲೂ ಇಲ್ಲ.

ತಾಯಿಯವರು ಕೇಳಿದ್ದು ಇಷ್ಟೇ: "ಕೂಸಿಗೆ ಹಾಲು ಕೊಟ್ಟಾಕಿ ಏನು ಉಂಡಾಳವ್ವಾ?"