ಮುಚ್ಚದೆ ಬಿಟ್ಟ ಗುಂಡಿ

"ಗುರುಗಳೇ, ಭಕ್ತರು ಕೊಟ್ಟ ಕಾಣಿಕೆಯಲ್ಲಿ ಮೊದಲು ಯಾವುದು ಆಗಬೇಕು? ಮಠದ ಹೆಬ್ಬಾಗಿಲೋ, ಬೆಟ್ಟದ ದಾರಿಯೋ?"

ಹೀಗೆ ಕೇಳಿದವನು ಅಡವಯ್ಯ. ಮಠದ ಆಡಳಿತವೆಲ್ಲ ಈ ಶಿಷ್ಯನ ಕೈಯಲ್ಲಿತ್ತು. ಅವನ ಮನಸ್ಸು ಹೆಬ್ಬಾಗಿಲಿನ ಕಡೆಗಿತ್ತು. ಅದನ್ನು ಅವನು ಮರೆಮಾಚಲೂ ಇಲ್ಲ.

"ದಾರಿ ಹಾಳಾಗಿದೆ ಎಂದು ಕೆಳಗಿನ ಊರಿನ ಒಬ್ಬಿಬ್ಬರು ಗೊಣಗುತ್ತಾರೆ. ನನಗೇನೋ ಹಾಗೆ ಕಾಣಲಿಲ್ಲ. ಮೊನ್ನೆ ತಾವು ಸಂಚಾರ ಮುಗಿಸಿ ಬಂದ ದಿನ ನಾನೂ ಕೆಳಗಿಳಿದು ತಮ್ಮ ಜೊತೆ ನಡೆದು ಬಂದೆನಲ್ಲ? ಎಲ್ಲೂ ಕಾಲು ಎಡವಲಿಲ್ಲ. ಅಂಥ ಸುಡುಬಿಸಿಲಿನಲ್ಲೂ ಮಣ್ಣು ಅಂಗಾಲಿಗೆ ತಂಪಾಗಿತ್ತು" ಎಂದ.

ಗುರುಗಳು "ಕೂತುಕೋ" ಎಂದು ಒಂದು ಕತೆ ಹೇಳಿದರು.

ಒಂದು ಸೀಮೆಗೆ ಒಬ್ಬ ದೊರೆಯಿದ್ದ. ಅವನ ಪಟ್ಟಣದಿಂದ ಒಂದು ದಾರಿ ಹೊರಟು, ಹಳ್ಳ ದಾಟಿ, ಕುಂಬಾರರ ಕೇರಿಯ ಪಕ್ಕದಲ್ಲೇ ಹಾದು, ಅದರಾಚೆಗಿನ ಬನ್ನಿಮರದ ತನಕ ಹೋಗುತ್ತಿತ್ತು. ಸಂತೆ ಪಟ್ಟಣದಲ್ಲಿ, ಮಣ್ಣು ಕೇರಿಯ ಕೆರೆಯಲ್ಲಿ. ಆದ್ದರಿಂದ ಕುಂಬಾರರು ಮಣ್ಣನ್ನು ಬಿಟ್ಟು ಪಟ್ಟಣಕ್ಕೆ ಹೋಗುವಂತಿರಲಿಲ್ಲ, ಸಂತೆಯನ್ನು ಬಿಟ್ಟು ಬದುಕುವಂತೆಯೂ ಇರಲಿಲ್ಲ. ಗಡಿಗೆ ತುಂಬಿದ ಗಾಡಿಗಳು ಆ ದಾರಿಯಲ್ಲೇ ಹೋಗಬೇಕು, ಆ ದಾರಿಯಲ್ಲೇ ಬರಬೇಕು.

ದಾರಿಯೋ, ಹೆಸರಿಗೆ ದಾರಿ. ಮಗ್ಗುಲಿನ ಚರಂಡಿ ಮುಚ್ಚಿಹೋಗಿ ಎಷ್ಟೋ ಕಾಲವಾಗಿತ್ತು. ಮಳೆಗಾಲದಲ್ಲಿ ನೀರೆಲ್ಲ ದಾರಿಯ ಮೇಲೆಯೇ ಹರಿದು, ಹಳ್ಳದ ಇಳಿಜಾರಿನಲ್ಲಿ ಆಳಾಳ ಗುಂಡಿ ಬಿದ್ದಿತ್ತು. ಸಂತೆಗೆ ಹೊರಟ ಗಡಿಗೆಗಳಲ್ಲಿ ಸಂತೆ ಮುಟ್ಟಿದವು ಮಾತ್ರ ಗಡಿಗೆ, ಉಳಿದವು ಚೂರು.

ಆ ಕೇರಿಯಲ್ಲಿ ಒಬ್ಬಳು ಕುಂಬಾರಗಿತ್ತಿ. ಒಂದು ದಿನ ಅವಳ ಗಂಡ ಗಾಡಿ ಹೊಡೆದುಕೊಂಡು ಹೋಗುವಾಗ ಇಳಿಜಾರಿನ ಗುಂಡಿಯಲ್ಲಿ ಚಕ್ರ ಇಳಿಯಿತು. ಗಾಡಿ ಮಗುಚಿತು. ಅವನ ಕಾಲು ಅಚ್ಚಿನ ಕೆಳಗೆ ಸಿಕ್ಕಿಕೊಂಡಿತು. ಜೀವ ಉಳಿಯಿತು, ಕಾಲಿನ ಬಲ ಉಳಿಯಲಿಲ್ಲ. ತಿಗರಿಯ ಮುಂದೆ ಕುಕ್ಕರಗಾಲಿನಲ್ಲಿ ಕೂರಲಾರದವನು ಎಂಥ ಕುಂಬಾರ? ಅಂದಿನಿಂದ ತಿಗರಿ ತಿರುಗಿಸುವ ಕೆಲಸ ಮೈದುನನ ಪಾಲಿಗೆ ಬಂತು, ಗಾಡಿ ಅವಳ ಪಾಲಿಗೆ ಬಂತು. ಸಂತೆಯ ದಿನ ಗಂಡನ ಕಾಲು ಮುರಿದ ಇಳಿಜಾರಿನಲ್ಲೇ ಎತ್ತಿನ ಹಗ್ಗ ಬಿಗಿಹಿಡಿದು ಇಳಿಯಬೇಕು. ಇದು ಇನ್ನೊಬ್ಬರ ಮನೆಗೆ ಬರಬಾರದು, ಈ ದಾರಿ ಸರಿಯಾಗಲೇಬೇಕು ಎಂದು ಅವಳು ಮನಸ್ಸು ಗಟ್ಟಿ ಮಾಡಿದಳು.

ಅವಳು ಪಟ್ಟಣಕ್ಕೆ ಹೋಗಿ ದೊರೆಯ ಪಾರುಪತ್ಯಗಾರನನ್ನು ಕಂಡಳು. ಸೀಮೆಯ ಕಟ್ಟೋಣದ ಕೆಲಸವೆಲ್ಲ ಅವನದೇ. ಅವನು ಲಂಚಕೋರನಲ್ಲ, ಕೆಟ್ಟವನೂ ಅಲ್ಲ. ತಾಳ್ಮೆಯಿಂದಲೇ ಕೇಳಿಸಿಕೊಂಡ.

"ಅಲ್ಲಮ್ಮ, ಪ್ರತಿವರ್ಷ ಬನ್ನಿ ಮುಡಿಯೋಕೆ ದೊರೆಗಳು ಅದೇ ದಾರೀಲಿ ಪಲ್ಲಕ್ಕಿ ಮೇಲೆ ಹೋಗ್ತಾರೆ. ಒಂದು ಸಲಾನೂ ಮೈ ಕುಲುಕಲಿಲ್ಲ ಅಂತ ಅವರೇ ಹೇಳಿದಾರೆ. ದಾರಿ ಕೆಟ್ಟಿದೆ ಅಂತ ನಾನು ಯಾವ ಮುಖ ಇಟ್ಕೊಂಡು ಹೇಳ್ಲಿ?" ಎಂದ. ಆಮೇಲೆ ಕಿಟಕಿಯತ್ತ ಕೈ ತೋರಿಸಿದ. ಪಟ್ಟಣದ ಬಾಯಲ್ಲಿ ಕಲ್ಲುಕುಟಿಗರು ದೊಡ್ಡ ದೊಡ್ಡ ಕಲ್ಲುಗಳನ್ನು ಕೆತ್ತುತ್ತಿದ್ದರು. ದಾರಿಯ ಚಿಂತೆ ಇಲ್ಲದ ಸೀಮೆಗೆ ಒಂದು ಹೆಬ್ಬಾಗಿಲು ಆಗಲಿ ಎಂದು ದೊರೆ ಅಪ್ಪಣೆ ಮಾಡಿದ್ದನಂತೆ.

ಕುಂಬಾರಗಿತ್ತಿಗೆ ಸಿಟ್ಟು ಬಂತು. ಆದರೆ ಮನೆಗೆ ತಿರುಗುವ ದಾರಿಯಲ್ಲಿ ಆ ಸಿಟ್ಟನ್ನು ಯಾರ ಮೇಲೆ ಹಾಕುವುದೆಂದು ಅವಳಿಗೆ ತಿಳಿಯದಾಯಿತು. ಪಾರುಪತ್ಯಗಾರ ಸುಳ್ಳು ಹೇಳಿರಲಿಲ್ಲ. ದೊರೆಯೂ ಸುಳ್ಳು ಹೇಳಿರಲಿಲ್ಲ.

ಸುಳ್ಳು ಹೇಳುತ್ತಿದ್ದದ್ದು ಕೇರಿ. ಅದೂ ಬಾಯಿಂದ ಅಲ್ಲ, ಕೈಯಿಂದ. ಬನ್ನಿ ಹಬ್ಬಕ್ಕೆ ದೊರೆ ಬರುತ್ತಾನೆ ಎಂದರೆ ಮನೆಮನೆಗೂ ದಾರಿಯ ಪಾಲು ಹಂಚಿಕೆಯಾಗುತ್ತಿತ್ತು. ಇಷ್ಟುದ್ದ ನಿನ್ನದು, ಅಷ್ಟುದ್ದ ಅವನದು. ಅವರವರ ಪಾಲಿನ ಗುಂಡಿಗೆ ಅವರವರು ಮಣ್ಣು ತುಂಬಬೇಕು, ಮಟ್ಟ ಮಾಡಬೇಕು, ನೀರು ಚಿಮುಕಿಸಿ ಧೂಳು ಅಡಗಿಸಬೇಕು, ಹೆಂಗಸರು ರಂಗೋಲಿ ಇಡಬೇಕು. ಯಾರೂ ಬಲವಂತ ಮಾಡಿದ್ದಲ್ಲ. ನೆಂಟರು ಬಂದಾಗ ಹರಿದ ಚಾಪೆಯನ್ನು ಮೂಲೆಗೆ ಸರಿಸುತ್ತೇವಲ್ಲ, ಅಷ್ಟೇ ಮರ್ಯಾದೆಯ ಮಾತು ಅದು. ದೊರೆ ಬಂದು ಹೋಗುತ್ತಿದ್ದ. ಹಿಂದೆಯೇ ಒಂದು ಮಳೆ ಬಂದರೆ ಸಾಕು, ತುಂಬಿದ ಮಣ್ಣು ತೊಳೆದುಹೋಗಿ ಗುಂಡಿ ಮತ್ತೆ ಬಾಯಿ ತೆರೆಯುತ್ತಿತ್ತು.

ಹಳ್ಳದ ಇಳಿಜಾರು ಅವಳ ಮನೆಯ ಪಾಲು. ಆ ಗುಂಡಿಗೆ ವರ್ಷವರ್ಷವೂ ಮಣ್ಣು ತುಂಬಿದವನು ಅವಳ ಗಂಡನೇ.

ಮನೆಗೆ ಬಂದು ಗಂಡನ ಮುಂದೆ ಅವಳು ಎಲ್ಲವನ್ನೂ ಹೇಳಿದಳು. ಅವನು ತನ್ನ ಕಾಲನ್ನು ಎರಡೂ ಕೈಯಿಂದ ಎತ್ತಿ ಪಕ್ಕಕ್ಕಿಟ್ಟ. "ಅದನ್ನ ಮುಚ್ಚಿದ್ದು ನನ್ನ ಕೈಯೇ ಕಣೇ. ಈ ಸಲ ಮುಚ್ಚಬೇಡ" ಎಂದ.

ಹಬ್ಬ ಹತ್ತಿರ ಬಂತು. ಕೇರಿಯೆಲ್ಲ ಗುದ್ದಲಿ ಹಿಡಿಯಿತು. ಅವಳು ಹಿಡಿಯಲಿಲ್ಲ. ಸುದ್ದಿ ಕೇರಿಯ ಯಜಮಾನನಿಗೆ ಮುಟ್ಟಿತು. ಅವನು ಬಂದು ಅವಳ ಬಾಗಿಲಲ್ಲಿ ನಿಂತ.

"ದೊರೆ ಕಣ್ಣಿಗೆ ಗುಂಡಿ ತೋರಿಸ್ತೀಯಾ? ಕೇರಿ ಮಾನ ಹರಾಜಿಗೆ ಇಡ್ತೀಯಾ? ನೋಡವ್ವ, ನಿನ್ನ ಪಾಲು ನೀನು ಮಾಡಲಿಲ್ಲ ಅಂದ್ರೆ ಇನ್ನು ಮುಂದೆ ನಿಮ್ಮನೆ ಗಡಿಗೆಗೆ ಆವಿಗೇಲಿ ಜಾಗ ಇಲ್ಲ."

ಆವಿಗೆ ಇಡೀ ಕೇರಿಗೆ ಒಂದೇ. ಎಲ್ಲರ ಹಸಿ ಗಡಿಗೆಯೂ ಅದರಲ್ಲೇ ಬೇಯಬೇಕು. ಅಲ್ಲಿ ಜಾಗವಿಲ್ಲವೆಂದರೆ ಒಲೆ ಆರಿದ ಹಾಗೆಯೇ. ಬೇಯದ ಗಡಿಗೆಯನ್ನು ಯಾರೂ ಕೊಳ್ಳುವುದಿಲ್ಲ. ಅವಳಿಗೆ ಭಯವಾಯಿತು. ಒಳಗೆ ಗಂಡ ಮಲಗಿದ್ದಾನೆ, ಹಿತ್ತಿಲಲ್ಲಿ ಮೈದುನ ಬಡಿದು ಒಣಗಿಸಿದ ಗಡಿಗೆಗಳು ಸಾಲಾಗಿ ಕೂತಿವೆ. ಎಲ್ಲವೂ ಕಣ್ಣ ಮುಂದೆ ಬಂದವು.

ಆದರೂ, "ಹಂಗೇ ಆಗ್ಲಿ ಯಜಮಾನ್ರೇ, ಗುಂಡಿ ಮಾತ್ರ ನಾನು ಮುಚ್ಚಲ್ಲ" ಎಂದಳು.

ಯಜಮಾನನೂ ಸುಮ್ಮನಿರುವವನಲ್ಲ. ಹಬ್ಬದ ಬೆಳಿಗ್ಗೆ ಆಳುಗಳ ತಲೆಯ ಮೇಲೆ ಮಣ್ಣಿನ ಬುಟ್ಟಿ ಹೊರಿಸಿ ಇಳಿಜಾರಿಗೆ ಕಳಿಸಿದ. ಅವಳು ಮಾಡದಿದ್ದರೆ ಏನಂತೆ, ಗುಂಡಿ ಮುಚ್ಚಿದರಾಯಿತು. ಅವರು ಹೋಗಿ ನೋಡಿದರೆ ಕುಂಬಾರಗಿತ್ತಿ ಗುಂಡಿಯ ಒಳಗೇ ಕೂತಿದ್ದಾಳೆ. ಸೊಂಟದ ತನಕ ಗುಂಡಿಯೊಳಗೆ, ಅದರ ಮೇಲಷ್ಟೇ ಹೊರಗೆ.

"ತುಂಬೋದಾದ್ರೆ ತುಂಬ್ರಪ್ಪ, ನಾನಂತೂ ಏಳಲ್ಲ" ಎಂದಳು.

ಬದುಕಿರುವವಳ ಮೇಲೆ ಮಣ್ಣು ಹಾಕಲು ಯಾರ ಕೈ ಏಳುತ್ತದೆ? ಅದೂ ಹಬ್ಬದ ದಿನ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಬುಟ್ಟಿಗಳನ್ನು ದಾರಿಯ ಅಂಚಿನಲ್ಲಿ ಇಳಿಸಿ ಹೊರಟುಹೋದರು. ಅವಳು ಅಲ್ಲೇ ಕೂತಳು. ಬಿಸಿಲೇರಿತು. ನಗಾರಿಯ ಸದ್ದು ಹತ್ತಿರವಾಗುವ ತನಕ ಏಳಲಿಲ್ಲ. ಆಮೇಲೆ ಮೇಲೆ ಹತ್ತಿ, ಸೀರೆ ಕೊಡವಿಕೊಂಡು, ಪಕ್ಕದಲ್ಲಿ ನಿಂತಳು.

ಮೆರವಣಿಗೆ ಬಂತು. ಪಲ್ಲಕ್ಕಿ ಹೊತ್ತವರಿಗೆ ಆ ದಾರಿ ಹೊಸದಲ್ಲ. ವರ್ಷವೂ ಕಣ್ಣು ಮುಚ್ಚಿಕೊಂಡು ನಡೆದ ದಾರಿ ಎಂದು ರಂಗೋಲಿಯ ಮೇಲೆ ಹೆಜ್ಜೆ ಹಾಕುತ್ತ ಬಿರುಸಾಗಿ ಬಂದರು. ಇಳಿಜಾರಿನಲ್ಲಿ ಮುಂದಿನವನ ಕಾಲು ಗುಂಡಿಗೆ ಜಾರಿತು. ಪಲ್ಲಕ್ಕಿ ವಾಲಿತು. ಒಳಗಿದ್ದ ದೊರೆಯ ಪೇಟ ಹಾರಿ ಮಣ್ಣಿಗೆ ಬಿತ್ತು. ನಗಾರಿ ನಿಂತಿತು. ಯಜಮಾನ ಅಲ್ಲೇ ಕುಸಿದು ಕೂತ. ಪಾರುಪತ್ಯಗಾರ ಕುದುರೆಯಿಂದ ಹಾರಿ, ಚಾಟಿ ಹಿಡಿದು ಓಡಿಬಂದ.

ದೊರೆ ಅವನನ್ನು ಕೈಯೆತ್ತಿ ತಡೆದ. ಮೊದಲು ತಾನೇ ಇಳಿದು ಗುಂಡಿಗೆ ಬಿದ್ದ ಪಲ್ಲಕ್ಕಿಯವನನ್ನು ಎಬ್ಬಿಸಿ, ಆಮೇಲೆ ಕೇಳಿದ.

"ಇಲ್ಲಿ ರಂಗೋಲಿ ಇಡಬೇಕಾದವರು ಯಾರು?"

"ನಾನು ಬುದ್ಧಿ" ಎಂದಳು ಕುಂಬಾರಗಿತ್ತಿ.

"ಎಲ್ಲರೂ ನನಗೆ ಮರ್ಯಾದೆ ಮಾಡಿದಾರೆ. ನೀನು ಯಾಕವ್ವ ಮಾಡಲಿಲ್ಲ?"

ಅವಳು ಒಂದು ಹೆಜ್ಜೆ ಮುಂದೆ ಬಂದಳು. "ನಾನೂ ಮರ್ಯಾದೇನೇ ಮಾಡಿದೀನಿ ಬುದ್ಧಿ. ಅವರೆಲ್ಲ ನಿಮಗೆ ನಿಮ್ಮ ದಾರಿ ತೋರಿಸಿದ್ರು. ನಾನು ನಮ್ಮ ದಾರಿ ತೋರಿಸಿದೆ. ನಂಬಿಕೆ ಬರದಿದ್ರೆ ಆ ರಂಗೋಲಿ ಕೆಳಗಿನ ಮಣ್ಣು ಒಂದಿಷ್ಟು ಕೆದಕಿ ನೋಡಿ."

ಬನ್ನಿ ಮುಡಿಯಲು ಹೋಗುವ ದಿನ ದೊರೆ ಮೆಟ್ಟು ಮೆಟ್ಟುತ್ತಿರಲಿಲ್ಲ. ಅವನು ಬರಿಗಾಲಿನ ಹಿಮ್ಮಡಿಯಿಂದ ಪಕ್ಕದ ಮನೆಯವರ ಪಾಲನ್ನು ಕೆದಕಿದ. ಹಸಿಮಣ್ಣು ಸರಿಯಿತು. ಕೆಳಗೆ ಗುಂಡಿ. ಮುಂದಿನ ಮನೆಯ ಪಾಲನ್ನು ಕೆದಕಿದ. ಅಲ್ಲೂ ಗುಂಡಿ. ಅವನು ಮತ್ತೆ ಪಲ್ಲಕ್ಕಿ ಹತ್ತಲಿಲ್ಲ. ಕೆದಕುತ್ತ ಕೆದಕುತ್ತ ಬನ್ನಿಮರದ ತನಕ ನಡೆದೇ ಹೋದ. ಹಿಂದೆ ಬರುತ್ತಿದ್ದ ಕೇರಿಯವರು ಒಬ್ಬೊಬ್ಬರಾಗಿ ತಲೆ ತಗ್ಗಿಸಿದರು. ಮರ ಮುಟ್ಟುವ ಹೊತ್ತಿಗೆ ಅವನ ಹಿಮ್ಮಡಿ ಒಡೆದು ರಕ್ತ ಬರುತ್ತಿತ್ತು.

ದೊರೆಗೆ ನಾಚಿಕೆಯಾಯಿತು. ದೊರೆಗಳಿಗೆ ನಾಚಿಕೆಯಾದರೆ ಸಾಮಾನ್ಯವಾಗಿ ಎದುರಿಗಿದ್ದವರ ತಲೆ ಹೋಗುತ್ತದೆ. ಇವನು ಹಾಗೆ ಮಾಡಲಿಲ್ಲ. ಬನ್ನಿ ಮುಡಿದು ತಿರುಗುವಾಗ ಕುಂಬಾರಗಿತ್ತಿಯ ಮನೆಯ ಒಳಗೆ ಹೋಗಿ ಅವಳ ಗಂಡನ ಕೈಗೆ ಬನ್ನಿ ಎಲೆ ಕೊಟ್ಟ. ಹೊರಗೆ ಬಂದು ಎರಡು ಅಪ್ಪಣೆ ಕೊಟ್ಟ. ಹೆಬ್ಬಾಗಿಲಿಗೆ ತಂದ ಕಲ್ಲೆಲ್ಲ ಈ ದಾರಿಗೆ ಬರಲಿ, ಮೊದಲು ಚರಂಡಿ ತೋಡಲಿ. ಇನ್ನು ಮುಂದೆ ನಾನು ಬರುತ್ತೇನೆಂದು ಯಾರೂ ದಾರಿಗೆ ಮಣ್ಣು ಹಾಕಕೂಡದು, ನೀರು ಚಿಮುಕಿಸಕೂಡದು.

ಹೆಬ್ಬಾಗಿಲಿಗೆಂದು ಕಮಲ ಕೆತ್ತಿದ ಕಲ್ಲುಗಳಿದ್ದವಲ್ಲ, ಅವು ಮುಖ ಕೆಳಗಾಗಿ ಇಳಿಜಾರಿನಲ್ಲಿ ಕೂತವು. ಕೆತ್ತಿದ ಕಲ್ಲುಕುಟಿಗರು ಅತ್ತರಂತೆ. ಅಳುವುದೂ ಸಹಜವೇ. ಪಟ್ಟಣದ ಬಾಯಲ್ಲಿ ಮೋಟು ಕಂಬಗಳು ಮಾತ್ರ ಉಳಿದವು. ಆಚೆ ಸೀಮೆಯವರು ಬಾಗಿಲಿಲ್ಲದ ಪಟ್ಟಣ ಎಂದು ಹಾಸ್ಯ ಮಾಡುತ್ತಿದ್ದರು, ಆದರೆ ಗಡಿಗೆ ಕೊಳ್ಳಲು ಅಲ್ಲಿಗೇ ಬರುತ್ತಿದ್ದರು.

ಗಂಡನ ಕಾಲು ಸರಿಹೋಗಲಿಲ್ಲ. ದೊರೆ ಕೊಡಬಹುದಾಗಿದ್ದದ್ದು ದಾರಿಯಷ್ಟೇ, ಅದೂ ತಡವಾಗಿ. ಆವಿಗೆಯಲ್ಲಿ ಅವಳ ಗಡಿಗೆಗೆ ಜಾಗ ಸಿಕ್ಕಿತು. ಯಜಮಾನ ಮಾತ್ರ ಬಹಳ ಕಾಲ ಅವಳನ್ನು ಮಾತಾಡಿಸಲಿಲ್ಲ. ಅವನ ಗಾಡಿಯೂ ಆ ಕಲ್ಲಿನ ಮೇಲೆಯೇ ಹೋಗಿ ಬರುತ್ತಿತ್ತು. ಅವಳು ಅದನ್ನು ನೋಡಿ ಒಳಗೊಳಗೇ ನಗುತ್ತಿದ್ದಳು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಅಡವಯ್ಯ ತಲೆಯಾಡಿಸಿದ. "ಪಾಪ, ಆ ದೊರೆ ಮೋಸಹೋದ. ಪಲ್ಲಕ್ಕಿಯಲ್ಲಿ ಕೂತವನಿಗೆ ದಾರಿ ಹೇಗೆ ತಿಳಿಯಬೇಕು? ನಮ್ಮ ಬೆಟ್ಟದ ದಾರಿಯ ಮಾತು ಬೇರೆ ಗುರುಗಳೇ. ಅದನ್ನು ನಾನೇ ನನ್ನ ಕಾಲಲ್ಲಿ ನಡೆದು ನೋಡಿದ್ದೇನೆ" ಎಂದ.

ಗುರುಗಳು ಅವನ ಪಾದಗಳತ್ತ ನೋಡಿ, "ಅಡವಯ್ಯ, ಅಂದು ಮಣ್ಣು ಅಂಗಾಲಿಗೆ ತಂಪಾಗಿತ್ತು ಎಂದೆಯಲ್ಲ, ಈ ಬೇಸಿಗೆಯಲ್ಲಿ ಮಳೆ ಬಂದದ್ದು ಯಾವತ್ತು?" ಎಂದರು.

ಅಡವಯ್ಯ ಎದ್ದು, ಹಿಮ್ಮಡಿಯಿಂದ ಕೆದಕಿ ನೋಡಲು ಬೆಟ್ಟದ ದಾರಿಗೆ ಇಳಿದ.