ಹೈಡ್ರಮ್ಮನ ಬೆರಳಿಗೆ ಬೆಳಕು ಬಂದದ್ದು

ಲೋಕಕ್ಕೆ ಇನ್ನೂ ಹಾಲುಹಲ್ಲು ಮೂಡದ ಕಾಲ. ಯಾರಿಗೂ ಕಣ್ಣೇ ಇರಲಿಲ್ಲ. ಎಲ್ಲರೂ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದುಕೊಂಡೇ ಬದುಕುತ್ತಿದ್ದರು.

ಒಂದು ಕೊಳದಲ್ಲಿ, ಜೊಂಡಿನ ಬುಡಕ್ಕೆ ಅಂಟಿಕೊಂಡು ಹೈಡ್ರಾ ಎಂಬ ಪುಟ್ಟ ನೀರುಜೀವಿ, ನಮ್ಮ ಹೈಡ್ರಮ್ಮ ಇದ್ದಳು. ನೂಲಿನೆಳೆಯಷ್ಟು ಮೈ. ತಲೆಯಿಲ್ಲ. ಬಾಯಿಯ ಸುತ್ತ ಒಂದಿಷ್ಟು ಬೆರಳು, ಬೆರಳ ತುಂಬ ವಿಷದ ಮುಳ್ಳು. ತಾಗಿದ್ದಕ್ಕೆ ಮುಳ್ಳು ಎಸೆದು ಹಿಡಿದರೆ ಊಟ. ಎಸೆದ ಮುಳ್ಳು ಮಾತ್ರ ಹೋಯಿತೆಂದರೆ ಹೋಯಿತು, ಹೊಸದು ಮೂಡುವವರೆಗೂ ಕಾಯಬೇಕು.

ಪಾಪ, ಅವಳಿಗೆ ಏನು ಗೊತ್ತಾಗಬೇಕು? ಹಗಲೆಲ್ಲ ಕಸ ತಾಗಿದರೂ ಮುಳ್ಳು, ಎಲೆ ತಾಗಿದರೂ ಮುಳ್ಳು. ಸಂಜೆ ಮಬ್ಬಿನಲ್ಲಿ ಅವಳ ಊಟವಾದ ನೀರುಚಿಗಟಗಳು ಕುಪ್ಪಳಿಸುತ್ತ ಬರುವ ಹೊತ್ತಿಗೆ ಬೆರಳೆಲ್ಲ ಬರಿದು.

ಒಬ್ಬಳೇ ಇದ್ದಾಗ ಹೇಗೋ ನಡೆಯುತ್ತಿತ್ತು. ಈಗ ಅವಳ ಪಕ್ಕೆಯಲ್ಲೇ ಒಂದು ಮರಿ ಮೊಗ್ಗಿನಂತೆ ಮೂಡಿತ್ತು.

“ಅವ್ವಾ, ಹಸಿವು,” ಎನ್ನುತ್ತಿತ್ತು ಮರಿ. ದಿನದಿನಕ್ಕೆ ಬಾಡುತ್ತಿತ್ತು. ಹೈಡ್ರಮ್ಮನಿಗೆ ಸಂಕಟ ತಡೆಯಲಾಗಲಿಲ್ಲ.

“ಸೂರ್ಯಪ್ಪಾ, ನನ್ನ ಮರಿ ಸಾಯ್ತಾ ಇದೆ. ಕಸ ಯಾವುದು, ಊಟ ಯಾವುದು, ತಿಳಿಯೋ ಹಾಗೆ ಮಾಡಪ್ಪ!”

“ಇಡೀ ದಿನ ನಿನ್ನ ಮೇಲೇ ಬಿದ್ದಿರ್ತೀನಲ್ಲವ್ವ, ನಾನು ಕಾಣೋದಿಲ್ವಾ?”

“ಕಾಣೋದು ಅಂದ್ರೇನಪ್ಪ? ಬೆಚ್ಚಗಿರೋದೊಂದು ಗೊತ್ತು.”

ಸೂರ್ಯಪ್ಪನಿಗೆ ಬೇಸರವಾಯಿತು. ಇಷ್ಟು ದಿನ ಉರಿದದ್ದನ್ನು ಯಾರೂ ಕಂಡೇ ಇರಲಿಲ್ಲ! ತನ್ನ ಮೈಯಿಂದ ಚಿಟಿಕೆ ಬೆಳಕಿನ ಪುಡಿ ಕೆರೆದ.

“ಇದನ್ನ ಎಲ್ಲಿಡಲಿ? ನಿನಗೆ ತಲೆಯೇ ಇಲ್ವಲ್ಲ!”

“ಮುಳ್ಳಿನ ಪಕ್ಕಕ್ಕೇ ಇಡಪ್ಪ. ದುಡಿಯೋದು ಬೆರಳೇ ತಾನೇ?”

ಸೂರ್ಯಪ್ಪ ಹಾಗೇ ಇಟ್ಟ. ಮರುದಿನ ಎಲೆ ತಾಗಿತು. “ಇನ್ನೂ ಬೆಳಕಿದೆ, ಊಟ ಬರೋದು ಮಬ್ಬಿಗೆ, ತಡಿ,” ಎಂದಿತು ಪುಡಿ. ಕಸ ತಾಗಿತು. “ತಡಿ.” ಹಸಿದವಳಿಗೆ ತಡೆಯುವುದು ಸುಲಭವೇ? ಮರಿ ಅಳುತ್ತಿತ್ತು. ಆದರೂ ತಡೆದಳು.

ಸಂಜೆ ನೆರಳು ಕವಿಯಿತು. ಏನೋ ಕುಪ್ಪಳಿಸಿ ತಾಗಿತು. “ಎಸಿ!” ಎಂದಿತು ಪುಡಿ. ಬೆರಳೆಲ್ಲ ಒಟ್ಟಿಗೆ ಎಸೆದವು. ಆ ಸಂಜೆ ಮರಿ ಹೊಟ್ಟೆ ತುಂಬ ಉಂಡಿತು.

ಉಂಡು ಬೆಳೆದ ಮರಿ ಒಂದು ದಿನ ಅವ್ವನ ಪಕ್ಕೆ ಬಿಟ್ಟು ಹೊರಟಿತು. ಹೋಗುವಾಗ ಅದರ ಪುಟ್ಟ ನೆರಳು ಅವಳ ಬೆರಳಿನ ಮೇಲೆ ಹಾದುಹೋಯಿತು. “ಎಸಿ!” ಎಂದಿತು ಪುಡಿ. ಹೈಡ್ರಮ್ಮ ಬೆರಳು ಮಡಚಿಕೊಂಡಳು. ತನ್ನ ಮಗುವನ್ನು ಅವಳು ಕಂಡದ್ದು ಆ ನೆರಳಷ್ಟೇ.

ಅವ್ವನ ಮೈಯ ಪುಡಿ ಮರಿಯ ಮೈಯಲ್ಲೂ ಇತ್ತು. ಮರಿಯಿಂದ ಮರಿಗೆ ದಾಟಿತು, ಕೊಳದಿಂದ ಕೊಳಕ್ಕೆ ಹೋಯಿತು, ಬೇರೆ ಜೀವಿಗಳಿಗೂ ಹಬ್ಬಿತು. ಕೆಲವರು ಅದನ್ನು ಒಂದೇ ಕಡೆ ಕೂಡಿಸಿ ಕಣ್ಣು ಮಾಡಿಕೊಂಡರು.

ಅದಕ್ಕೇ ಕಂದಾ, ನೀನು ಕೊಳಕ್ಕೆ ಬಗ್ಗಿದರೆ ಕಣ್ಣಿಲ್ಲದ ಹೈಡ್ರಾಗೂ ನಿನ್ನ ನೆರಳು ತಿಳಿಯುತ್ತದೆ; ಹೈಡ್ರಾವನ್ನು ಹುಡುಕುವ ನಿನ್ನ ಕಣ್ಣಲ್ಲಿರುವುದೂ ಅದೇ ಚಿಟಿಕೆಯ ಪುಡಿ.