ಜಟ್ಗ ಕೂವೆಗೆ ಕಟ್ಟಿದ್ದು

ಕೇಳುವವರು ಹತ್ತಿರ ಬನ್ನಿ, ನಿದ್ದೆ ಬಂದವರು ಈಗಲೇ ಎದ್ದು ಮನೆಗೆ ಹೋಗಿ. ಅರ್ಧ ಕೇಳಿ ಹೋಗಿ ಊರೆಲ್ಲ ತಪ್ಪುತಪ್ಪಾಗಿ ಹೇಳಿಕೊಂಡು ತಿರುಗುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಹೊಳೆ ಬಂದು ಸಮುದ್ರ ಸೇರುವಲ್ಲಿ, ಮರಳ ದಿಬ್ಬದ ಮೇಲೆ ಮಂಕಾಳಿ ಅಂತ ಒಬ್ಬಳಿದ್ದಳು. ಅವಳಿಗೆ ಒಂದು ಮನೆ, ಒಬ್ಬ ಮಗ. ಮನೆ ಅಂದರೆ ಸುತ್ತ ಬಿದಿರಿನ ಕಂಬ, ನಡುವೆ ಒಂದು ದಪ್ಪ ಕಂಬ, ಕೆಳಗೆ ಹಾಸಿದ ಬಿದಿರು ತಟ್ಟಿ, ಮೇಲೆ ಹೆಣೆದ ತೆಂಗಿನ ಗರಿ. ಮಗ ಅಂದರೆ ಜಟ್ಗ. ಬಾಗಿಲಲ್ಲಿ ಬಗ್ಗಿ ಬರುವಷ್ಟು ಎತ್ತರ ಬೆಳೆದಿದ್ದ, ಮೀಸೆ ಬಂದಿತ್ತು, ಬುದ್ಧಿ ಮಾತ್ರ ಬರುವ ದಾರಿಯಲ್ಲಿ ಎಲ್ಲೋ ಕೂತುಬಿಟ್ಟಿತ್ತು. ಹೇಳಿದ ಮಾತು ಕೇಳುವುದಿಲ್ಲ ಅನ್ನುವ ಹಾಗಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಅದೇ ಕಷ್ಟ.

ಒಂದು ದಿನ ಮಂಕಾಳಿ ಮೀನು ಒಣಗಲು ಹರಡಿ, ಕಾಗೆ ಬಂದರೆ ಓಡಿಸು ಮಗಾ ಅಂತ ಹೇಳಿ ಪೇಟೆಗೆ ಹೋದಳು. ತಿರುಗಿ ಬಂದು ನೋಡಿದರೆ ಚಾಪೆಯ ಮೇಲೆ ಮೀನಿನ ಒಂದು ಬಾಲವೂ ಇಲ್ಲ. ಜಟ್ಗ ಕೋಲು ಹಿಡಿದು ಆಕಾಶ ನೋಡುತ್ತ ಕೂತಿದ್ದಾನೆ.

"ನಾಯಿ ಬಂದಿತ್ತು ಅಬ್ಬೆ," ಅಂದ. "ಕಾಗೆ ಒಂದೂ ಬರಲಿಲ್ಲ."

ಮಂಕಾಳಿ ಹಣೆ ಚಚ್ಚಿಕೊಂಡಳು. ಊರವರು ಅವನನ್ನು ಮಳ್ಳ ಅನ್ನುತ್ತಿದ್ದರು, ಯಾರೂ ಕೆಲಸ ಕೊಡುತ್ತಿರಲಿಲ್ಲ. ಉಳಿದದ್ದು ಒಂದೇ ದಾರಿ, ಸಮುದ್ರ. ಆ ದಾರಿ ನೆನೆಸಿಕೊಂಡರೆ ಅವಳಿಗೆ ಎದೆ ಒಡೆಯುತ್ತಿತ್ತು. ಜಟ್ಗನ ಅಪ್ಪ ಹಡಗು ಹತ್ತಿ ಹೋದವನು ತಿರುಗಿ ಬಂದಿರಲಿಲ್ಲ. ಆದರೂ ಮಾಡುವುದೇನು? ನೂಲ ಹುಣ್ಣಿಮೆ ಕಳೆದು, ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು, ಹಡಗುಗಳು ಹೊರಡುವ ಹೊತ್ತಿಗೆ ಅವಳು ಮಗನ ಕೈ ಹಿಡಿದುಕೊಂಡು ಅಣ್ಣನ ಹತ್ತಿರ ಹೋದಳು. ಅಣ್ಣ ಬೊಮ್ಮಯ್ಯ ಒಂದು ಮಚವೆಯ ತಾಂಡೇಲ. ಮಚವೆ ಅಂದರೆ ಹಂಚು, ಕಾಯಿ ಹೇರಿಕೊಂಡು ಊರಿಂದೂರಿಗೆ ಹೋಗುವ ಹಾಯಿ ಹಡಗು. ತಾಂಡೇಲ ಅಂದರೆ ಅದರ ಮೇಲೆ ದೇವರ ನಂತರದವನು.

"ಅಣ್ಣ, ಇವನಪ್ಪನ ಹಾಗೆ ಇವನೂ ಹೋದರೆ ನಾನು ಉಳಿಯುವುದಿಲ್ಲ," ಅಂದಳು ಮಂಕಾಳಿ. "ಕರ್ಕೊಂಡು ಹೋಗು. ಆದರೆ ತಂದು ನನ್ನ ಬಾಗಿಲಿಗೆ ಮುಟ್ಟಿಸು."

ಬೊಮ್ಮಯ್ಯ ಹೂಂ ಅಂದ. ಜಟ್ಗನಿಗೆ ಅದ್ಯಾವುದೂ ಕೇಳಿಸಲಿಲ್ಲ. ಅವನು ಆಗಲೇ ಹಾಯಿ ಏರಿಸಲು ಹಡಗಿನ ನಡುವೆ ನಿಲ್ಲಿಸಿದ ಕೂವೆಮರವನ್ನು ನೋಡುತ್ತಿದ್ದ. ಬುಡದಿಂದ ತುದಿಗೆ ನೋಡಿದ, ತುದಿಯಿಂದ ಬುಡಕ್ಕೆ ನೋಡಿದ, ತಲೆಯ ಮುಂಡಾಸು ಹಿಂದೆ ಬಿತ್ತು, ಅದೂ ತಿಳಿಯಲಿಲ್ಲ. ಕಾಡಲ್ಲಿ ಇಂಥ ಮರ ಅವನು ನೋಡಿದ್ದ. ಆದರೆ ಬೇರಿಲ್ಲದೆ, ಮಣ್ಣಿಲ್ಲದೆ, ನೀರಿನ ಮೇಲೆ ನಿಂತ ಮರ ಇದೇ ಮೊದಲು.

"ಮಾವ, ಇಷ್ಟು ದೊಡ್ಡ ಹಡಗನ್ನು ಎಳೆಯುವವರು ಯಾರು?"

ಗಾಳಿ ಅಂದ ಬೊಮ್ಮಯ್ಯ. ಗಾಳಿ ಹಾಯಿಯನ್ನು ಎಳೆಯುತ್ತದೆ, ಹಾಯಿ ಅಡ್ಡಮರವನ್ನು ಎಳೆಯುತ್ತದೆ, ಅಡ್ಡಮರವನ್ನು ಕೂವೆಗೆ ಕಟ್ಟಿದೆ, ಕೂವೆಯ ಹಿಂದೆ ಹಡಗು ಹೋಗುತ್ತದೆ. ಕೂವೆಗೆ ಏನು ಕಟ್ಟಿದರೂ ಅದು ಬಂದೇ ಬರುತ್ತದೆ ತಮಾ, ಗಂಟು ಸರಿ ಇರಬೇಕು, ಅಷ್ಟೇ.

ಕೂವೆಗೆ ಏನು ಕಟ್ಟಿದರೂ ಬರುತ್ತದೆ. ಜಟ್ಗ ಬಾಯಿ ತೆರೆದುಕೊಂಡೇ ಆ ಮಾತು ನುಂಗಿದ. ಅವನ ಹೊಟ್ಟೆಗೆ ಒಮ್ಮೆ ಹೋದ ಮಾತು ಮತ್ತೆ ಹೊರಗೆ ಬರುವುದಿಲ್ಲ, ನೆನಪಿಟ್ಟುಕೊಳ್ಳಿ.

ಮೊದಲ ದಿನದ ಕೆಲಸ, ಅಡ್ಡಮರವನ್ನು ಕೂವೆಗೆ ಕಟ್ಟುವುದು. ಅಡ್ಡಮರ ಅಂದರೆ ಹಾಯಿಯ ತಲೆ ಹೊತ್ತುಕೊಳ್ಳುವ ಉದ್ದನೆಯ ಗಳ. ಬೊಮ್ಮಯ್ಯ ಕತ್ತದ ಹಗ್ಗ ಕೊಟ್ಟು, ಬಿಗಿಯಾಗಿ ಕಟ್ಟು, ಬಿಚ್ಚಿಹೋಗಬಾರದು ಅಂದ. ಜಟ್ಗ ಕಟ್ಟಿದ. ಕಾಲು ಕೊಟ್ಟು ಎಳೆದು ಕಟ್ಟಿದ, ಗಂಟಿನ ಮೇಲೆ ಗಂಟು ಹಾಕಿದ, ಗಂಟಿಗೆ ನೀರು ಕುಡಿಸಿದ. ಭರತದ ನೀರು ಏರಿತು, ಗಾಳಿ ಬಂತು, ಖಲಾಸಿಗಳೆಲ್ಲ ಸೇರಿ ಹಗ್ಗ ಜಗ್ಗಿದರು. ಅಡ್ಡಮರ ಮೇಲೇರಬೇಕಲ್ಲ, ಅಲ್ಲಾಡಲೂ ಇಲ್ಲ. ಜಗ್ಗಿದರು, ಜಗ್ಗಿದರು, ಕೈ ಸಿಪ್ಪೆ ಸುಲಿಯಿತು. ಅಷ್ಟರಲ್ಲಿ ಭರತ ಇಳಿದು ಹಡಗು ಕೆಸರಲ್ಲಿ ಕೂತಿತು. ಕೊನೆಗೆ ಹೊಸ ಹಗ್ಗವನ್ನು ಕೊಯ್ಯಬೇಕಾಯಿತು.

"ಮಳ್ಳ, ಮೇಲೆ ಕೆಳಗೆ ಆಡುವುದನ್ನು ಹೀಗಾ ಕಟ್ಟುವುದು? ಹಗ್ಗವನ್ನು ಬಳೆಯ ಹಾಗೆ ಸಡಿಲ ಬಿಡು. ಕೈ ಹೋಗಿ ಬರುವಷ್ಟು ಜಾಗ ಇರಬೇಕು."

ಹೂಂ ಮಾವ ಅಂದ ಜಟ್ಗ. ಮರುದಿನ ಸಣ್ಣ ದೋಣಿಯನ್ನು ಹಡಗಿಗೆ ಕಟ್ಟಲು ಹೇಳಿದರು. ಜಟ್ಗ ನೋಡಿದ. ದೋಣಿಯೂ ಮೇಲೆ ಕೆಳಗೆ ಆಡುತ್ತಿತ್ತು. ಹಾಗಾದರೆ ಬಳೆ. ಹಗ್ಗವನ್ನು ಗೂಟಕ್ಕೆ ಸುತ್ತಿ, ಕೈ ಹಾಕಿ ನೋಡಿ, ಕೈ ಹೋಗಿ ಬಂತು, ಖುಷಿಯಾಗಿ ಊಟಕ್ಕೆ ಹೋದ. ಇಳಿತದ ನೀರು ಬಂತು. ದೋಣಿ ಮೇಲೆ ಆಡಿತು, ಕೆಳಗೆ ಆಡಿತು, ಆಮೇಲೆ ತನ್ನ ಪಾಡಿಗೆ ಸಮುದ್ರದ ಕಡೆ ಹೊರಟಿತು. ಖಲಾಸಿಗಳು ಈಜಿ ಹಿಡಿದು ತಂದರು. ಬೊಮ್ಮಯ್ಯನ ಬಾಯಿಂದ ಬಂದ ಮಾತುಗಳನ್ನು ಇಲ್ಲಿ ಹೆಂಗಸರು ಮಕ್ಕಳು ಇದ್ದಾರೆ, ಹೇಳುವುದಿಲ್ಲ.

ಇನ್ನು ನಾನೇ ನಿಂತು ಕಲಿಸುತ್ತೇನೆ ಅಂತ ಬೊಮ್ಮಯ್ಯ ಅವನ ಕಿವಿ ಹಿಡಿದು ಹಾಯಿಯ ಹತ್ತಿರ ತಂದ. ಹಾಯಿಯನ್ನು ಅಡ್ಡಮರದ ಉದ್ದಕ್ಕೂ ಸುರುಳಿ ಸುತ್ತಿ, ಅಲ್ಲಲ್ಲಿ ಬಾಳೆನಾರಿನಿಂದ ಕಟ್ಟುವುದು ಅವರ ಪದ್ಧತಿ. ಕತ್ತದ ಹಗ್ಗ ಅಲ್ಲ, ಬಾಳೆನಾರು. ಜಟ್ಗನಿಗೆ ನಗು ಬಂತು. ಇಷ್ಟು ದೊಡ್ಡ ಬಟ್ಟೆಗೆ ಹೂ ಕಟ್ಟುವ ನಾರಾ? ಆದರೂ ಹೇಳಿದ ಹಾಗೇ ಕಟ್ಟಿದ. ಅಡ್ಡಮರ ಸರಸರ ಏರಿತು. ಕೂವೆಯ ತುದಿಯಲ್ಲಿ ನಿಂತಿತು. ಬೊಮ್ಮಯ್ಯ ಕೆಳಗಿನಿಂದ ಹಾಯಿಯ ಮೂಲೆಯ ಹಗ್ಗವನ್ನು ಒಂದು ಸಲ ಜಗ್ಗಿದ.

ಪಟಪಟಪಟ ಅಂತ ನಾರು ಹರಿಯಿತು. ಸುರುಳಿ ಬಿಚ್ಚಿತು. ಆಕಾಶ ತುಂಬ ಹಾಯಿ. ಗಾಳಿ ಬಂದು ಅದರೊಳಗೆ ಕೂತಿತು, ಹಡಗು ಒಂದು ಸಲ ನರಳಿ ಹೊರಟೇಬಿಟ್ಟಿತು. ಅಷ್ಟು ಹಂಚು, ಅಷ್ಟು ಕಾಯಿ, ಅಷ್ಟು ಜನ, ಎಲ್ಲವೂ ಬಟ್ಟೆಯ ಹಿಂದೆ. ಜಟ್ಗ ಕೂವೆಯ ಬುಡದಲ್ಲಿ ಕೂತು ಎರಡೂ ಕೈ ಜೋಡಿಸಿದ. ಅವನ ಕಣ್ಣಲ್ಲಿ ನೀರು ಬಂತು. ನಗುವವರು ನಗಿ. ನಾವು ದಿನಾ ನೋಡಿ ನೋಡಿ ಅದರಲ್ಲಿ ಎಂತ ಇದೆ ಅಂತೇವೆ, ಆ ಮಳ್ಳನಿಗೆ ಮಾತ್ರ ಅದು ಕಂಡಿತು.

"ಹೀಗೆ ಕಟ್ಟಬೇಕು ತಮಾ," ಅಂದ ಬೊಮ್ಮಯ್ಯ. "ಎಳೆದ ಕೂಡಲೇ ಹರಿಯಬೇಕು."

ಯಾರೂ ಅವನನ್ನು ಆವರೆಗೆ ಹೊಗಳಿರಲಿಲ್ಲ. ಆ ಹೊಗಳಿಕೆಯೇ ಮುಳುವಾಯಿತು ನೋಡಿ. ಮುಂದಿನ ಬಂದರಿನ ಹತ್ತಿರ ಬರುವಾಗ ಲಂಗರಿನ ಹಗ್ಗ ಸವೆದಿದೆ, ಬೇರೆ ಕಟ್ಟು ಅಂದರು. ಮಾವ ಮೆಚ್ಚಿದ ಹಾಗೆಯೇ ಕಟ್ಟೋಣ ಅಂತ ಜಟ್ಗ ಬಾಳೆನಾರು ಹುಡುಕಿ ತಂದು, ಹೊಸ ಹಗ್ಗಕ್ಕೂ ಲಂಗರಿಗೂ ನಡುವೆ ಚೆಂದ ಮಾಡಿ ಕಟ್ಟಿದ. ಲಂಗರು ಬಿಟ್ಟರು. ಗುಳುಂ ಅಂತು. ಹಗ್ಗ ಮೇಲೆ ಬಂತು, ಲಂಗರು ಬರಲಿಲ್ಲ. ಹಡಗು ಹೋಗಿ ಬಂಡೆಗೆ ಮೂತಿ ಉಜ್ಜುವಷ್ಟರಲ್ಲಿ ಖಲಾಸಿಗಳು ಗಳ ಕೊಟ್ಟು ತಡೆದರು.

"ಎಳೆದ ಕೂಡಲೇ ಹರಿಯಿತು ಮಾವ," ಅಂದ ಜಟ್ಗ. ಮುಖ ಅರಳಿತ್ತು.

ಬೊಮ್ಮಯ್ಯ ಸಿಟ್ಟಿನಲ್ಲಿ ಅವನ ರಟ್ಟೆ ಹಿಡಿದ. ಇನ್ನೊಂದು ತಪ್ಪು ಮಾಡಿದರೆ ಸಿಕ್ಕಿದ ದಂಡೆಗೆ ಇಳಿಸಿ ಹೋಗುತ್ತೇನೆ, ನಿನ್ನ ಅಬ್ಬೆ ಏನಾದರೂ ಅಂದುಕೊಳ್ಳಲಿ ಅಂದ. ಜಟ್ಗನಿಗೆ ಅಬ್ಬೆಯ ಹೆಸರು ಕೇಳಿ ಅಳು ಬಂತು. ಅವನು ಅತ್ತದ್ದು ನೋಡಿ ಬೊಮ್ಮಯ್ಯನ ಸಿಟ್ಟು ಅರ್ಧ ಇಳಿಯಿತು. ಹತ್ತಿರ ಕೂರಿಸಿಕೊಂಡು ಹೇಳಿದ.

"ಕೇಳು. ಸಮುದ್ರ ತಕ್ಕೊಂಡು ಹೋಗಬಾರದು ಅಂತ ಯಾವುದರ ಮೇಲೆ ಆಸೆ ಇದೆಯೋ, ಅದನ್ನು ಕತ್ತದ ಹಗ್ಗದಲ್ಲಿ ಕೂವೆಗೆ ಕಟ್ಟು. ಅದು ಯಾರದ್ದೋ ಅವರೇ ಬಂದು ಬಿಚ್ಚುವ ತನಕ ಬಿಡಬೇಡ."

ಹೂಂ ಅಂದ ಜಟ್ಗ. ಆ ಮಾತೂ ಹೊಟ್ಟೆಗೆ ಹೋಯಿತು.

ತಿರುಗಿ ಬರುವಾಗ ಗಾಳಿ ಕೆಟ್ಟಿತು. ನಡುಹಗಲೇ ಕತ್ತಲೆ ಕವಿಯಿತು. ಹಾಯಿ ಇಳಿಸಿದರು, ಬಾಯಿಗೆ ಬಂದ ದೇವರನ್ನೆಲ್ಲ ಕರೆದರು. ಚುಕ್ಕಾಣಿ ಹಿಡಿದು ನಿಂತ ಬೊಮ್ಮಯ್ಯ, ಕಟ್ಟುವುದನ್ನೆಲ್ಲ ಕಟ್ಟಿ ಅಂತ ಕೂಗಿದ. ಖಲಾಸಿಗಳು ಪೀಪಾಯಿ ಕಟ್ಟಿದರು, ಗಳ ಕಟ್ಟಿದರು. ಜಟ್ಗ ನಿಂತು ಯೋಚಿಸಿದ. ಪೀಪಾಯಿಯ ಮೇಲೆ ಅವನಿಗೆ ಆಸೆ ಇರಲಿಲ್ಲ. ಸಮುದ್ರ ತಕ್ಕೊಂಡು ಹೋಗಬಾರದು ಅಂತ ಆಸೆ ಇದ್ದದ್ದು ಮಾವನ ಮೇಲೆ.

ಹೋದವನೇ ಬೊಮ್ಮಯ್ಯನನ್ನು ಅಕ್ಕಿಮೂಟೆಯ ಹಾಗೆ ಹೆಗಲ ಮೇಲೆ ಹಾಕಿಕೊಂಡ. ಬೊಮ್ಮಯ್ಯ ಒದ್ದ, ಗುದ್ದಿದ, ಬೈದ. ಜಟ್ಗ ತಂದು ಕೂವೆಗೆ ನಿಲ್ಲಿಸಿ ಕತ್ತದ ಹಗ್ಗದಲ್ಲಿ ಸುತ್ತಿ ಸುತ್ತಿ ಕಟ್ಟಿದ. ಆಮೇಲೆ ತನ್ನ ಮೇಲೆ ಅಬ್ಬೆಗೆ ಆಸೆ ಇದೆ ಅಂತ ನೆನಪಾಗಿ ತನ್ನನ್ನೂ ಪಕ್ಕದಲ್ಲಿ ಕಟ್ಟಿಕೊಂಡ. ಬಿಡಿಸಲು ಓಡಿ ಬಂದ ಖಲಾಸಿಗಳು ಹಗ್ಗಕ್ಕೆ ಕೈ ಹಾಕಿದರು. ಅಷ್ಟರಲ್ಲಿ ಅಲೆ ಬಂತು.

ಅಲೆ ಅಂದರೆ ಅಲೆಯಲ್ಲ, ಗುಡ್ಡ. ಅದು ಹಿಂದಿನಿಂದ ಏರಿ, ಹಡಗಿನ ಮೇಲೆ ನಡೆದು, ಮುಂದಿನಿಂದ ಇಳಿದು ಹೋಯಿತು. ಎಲ್ಲರೂ ಜಟ್ಗನ ಹಗ್ಗಕ್ಕೆ ಜೋತುಬಿದ್ದಿದ್ದರು, ಎಲ್ಲರೂ ಉಳಿದರು. ಕಣ್ಣು ಒರೆಸಿಕೊಂಡು ಹಿಂದೆ ನೋಡಿದರೆ ತಾಂಡೇಲ ನಿಂತಿದ್ದ ಜಾಗವೇ ಇಲ್ಲ. ಹಲಗೆಯೂ ಇಲ್ಲ, ಚುಕ್ಕಾಣಿಯ ಹಿಡಿಯೂ ಇಲ್ಲ, ಅಲ್ಲಿ ನೀರು ಕಾಣುತ್ತಿತ್ತು. ಬೊಮ್ಮಯ್ಯ ಬೈಯುವುದನ್ನು ಅಲ್ಲಿಗೇ ಬಿಟ್ಟ.

ಗಾಳಿ ತಣಿದ ಮೇಲೆ ಬಿಚ್ಚು ತಮಾ ಅಂತ ಮೆಲ್ಲಗೆ ಹೇಳಿದ. ಜಟ್ಗ ತಲೆ ಅಲ್ಲಾಡಿಸಿದ.

"ನಿಮ್ಮನ್ನು ಅತ್ತೆ ಬಂದು ಬಿಚ್ಚಬೇಕು ಮಾವ."

ಕತ್ತಿ ಎಲ್ಲರ ಸೊಂಟದಲ್ಲೂ ಇತ್ತು. ಆದರೆ ತಮ್ಮ ಜೀವ ಹಿಡಿದ ಆ ಹಗ್ಗಕ್ಕೆ ಕತ್ತಿ ಇಡಲು ಯಾರಿಗೂ ಕೈ ಬರಲಿಲ್ಲ. ಹುಟ್ಟನ್ನೇ ಚುಕ್ಕಾಣಿ ಮಾಡಿಕೊಂಡು, ಕಟ್ಟಿಸಿಕೊಂಡ ತಾಂಡೇಲ ಹೇಳಿದ ದಿಕ್ಕಿಗೆ ಹಡಗು ನಡೆಸಿದರು. ಊರ ಹೊಳೆಗೆ ಬಂದಾಗ ದಂಡೆಯಲ್ಲಿ ಜನ ಸೇರಿ ಬಾಯಿ ತೆರೆದು ನೋಡಿದರು. ದೋಣಿ ಕಳಿಸಿ ಹೆಂಗಸರನ್ನು ಕರೆಸಬೇಕಾಯಿತು. ಬೊಮ್ಮಯ್ಯನ ಹೆಂಡತಿ ನಗುತ್ತ ಗಂಡನನ್ನು ಬಿಚ್ಚಿದಳು, ಮಂಕಾಳಿ ಅಳುತ್ತ ಮಗನನ್ನು ಬಿಚ್ಚಿದಳು. ಬೊಮ್ಮಯ್ಯ ಮಾತು ಕೊಟ್ಟ ಹಾಗೆ ಅವನನ್ನು ಬಾಗಿಲ ತನಕ ಕರೆದುಕೊಂಡು ಹೋಗಿ, ಇವನಿಲ್ಲದೆ ನಾನು ಇನ್ನು ಹಡಗು ಬಿಡುವುದಿಲ್ಲ ತಂಗಿ ಅಂದ.

ಮಂಕಾಳಿಗೆ ಹೆಮ್ಮೆಯೂ ಆಯಿತು, ಭಯವೂ ಆಯಿತು. ಹಡಗು ರಿಪೇರಿಯಾಗಿ ಹೊರಡುವ ದಿನ ಬೆಳಿಗ್ಗೆ ಗಂಜಿ ಬಡಿಸುತ್ತ ಅವಳಿಗೆ ತಡೆಯಲಾಗಲಿಲ್ಲ.

"ನೀನು ಬರುವ ತನಕ ಈ ಮರಳಲ್ಲಿ ಒಬ್ಬಳೇ ಕೂತು ನೀರು ನೋಡುವುದು ನನ್ನಿಂದ ಆಗುವುದಿಲ್ಲ ಮಗಾ. ನಿನ್ನಪ್ಪನಿಗೆ ಕಾದದ್ದು ಸಾಕು."

ಜಟ್ಗ ತುತ್ತು ಕೈಯಲ್ಲಿ ಹಿಡಿದು ಅವಳ ಮುಖ ನೋಡಿದ. ಆಮೇಲೆ ಮನೆಯ ನಡುಗಂಬ ನೋಡಿದ. ಬುಡದಿಂದ ತುದಿಗೆ ನೋಡಿದ, ತುದಿಯಿಂದ ಬುಡಕ್ಕೆ ನೋಡಿದ. ಕೈ ತೊಳೆದು ಎದ್ದ.

ಭರತ ತುಂಬಿತು. ನೀರು ದಿಬ್ಬದ ಅಂಚಿಗೆ ಬಂತು. ಅಡ್ಡಮರ ಏರಿತು, ಬೊಮ್ಮಯ್ಯ ಒಂದು ಸಲ ಜಗ್ಗಿದ, ಪಟಪಟಪಟ ಅಂತ ನಾರು ಹರಿದು ಆಕಾಶ ತುಂಬ ಹಾಯಿ ಬಿಚ್ಚಿತು. ಹಡಗು ಹೊರಟಿತು. ಕೂವೆಯ ಬುಡದಿಂದ ಹೊಸ ಲಂಗರು ಹಗ್ಗವೊಂದು ಸುರುಳಿ ಬಿಚ್ಚುತ್ತ ಹಿಂದೆ ನೀರಿಗೆ ಇಳಿಯುತ್ತಿತ್ತು. ಇದೆಂಥ ಹಗ್ಗ ಅಂತ ಬೊಮ್ಮಯ್ಯ ಕೇಳುವಷ್ಟರಲ್ಲಿ ಅದು ಬಿಗಿಯಾಯಿತು. ಹಡಗು ಒಂದು ಸಲ ನರಳಿತು. ದಂಡೆಯಲ್ಲಿ ಕರಕರ ಅಂತ ಸದ್ದಾಯಿತು.

ಮಂಕಾಳಿಯ ಮನೆ ಎದ್ದಿತು. ನಡುಗಂಬ, ಬಿದಿರು, ತಟ್ಟಿ, ಗರಿ, ಎಲ್ಲ ಸಮೇತ ಎದ್ದು, ಮರಳ ಮೇಲೆ ಜಾರಿ, ನೀರಿಗೆ ಇಳಿದು ತೇಲಿತು. ದಂಡೆಯಲ್ಲಿದ್ದವರು ಕೈಯಲ್ಲಿದ್ದದ್ದನ್ನು ಕೆಳಗೆ ಹಾಕಿದರು. ಊರು ಹುಟ್ಟಿದ ಮೇಲೆ ಮನೆ ಹಡಗಿನ ಹಿಂದೆ ಹೋದದ್ದನ್ನು ಯಾರೂ ಕಂಡಿರಲಿಲ್ಲ.

ಮಂಕಾಳಿ ಬಾಗಿಲಲ್ಲಿ ನಿಂತಿದ್ದಳು, ಒಂದು ಕೈಯಲ್ಲಿ ಗಂಜಿಯ ಸೌಟು, ಇನ್ನೊಂದು ಕೈ ಕಂಬದ ಮೇಲೆ. ತಲೆ ಎತ್ತಿ ಹಾಯಿ ನೋಡಿದಳು, ಹಾಯಿಯ ಕೆಳಗೆ ಮಗ ಕಂಡ. ಅವಳ ಮುಖ ಅರಳಿತು.

ಹಾಯಿ ಇಳಿಸಿ ಅಂತ ಕೂಗಲು ಬಾಯಿ ತೆರೆದ ಬೊಮ್ಮಯ್ಯ ತಂಗಿಯ ಮುಖ ನೋಡಿ ಚುಕ್ಕಾಣಿಗೆ ತಿರುಗಿದ. ಮಗನನ್ನು ತಂದು ಬಾಗಿಲಿಗೆ ಮುಟ್ಟಿಸು ಅಂದಿದ್ದವಳು ಅವಳೇ. ಈಗ ಬಾಗಿಲೇ ಮಗನ ಹಿಂದೆ ಬರುತ್ತಿತ್ತು.

"ಮಗಾ," ಅಂತ ಕೂಗಿದಳು ಮಂಕಾಳಿ, "ಸ್ವಲ್ಪ ನಿಧಾನ ಎಳೆಯಲು ಹೇಳೋ, ಒಲೆ ಮೇಲೆ ಗಂಜಿ ಇದೆ."